ಡಾಕ್ಟರು ಮೊಬೈಲು ನೋಡಿದ್ದಕ್ಕೆ ಸಿಟ್ಟಾದ ಮಡಿವಾಳಪ್ಪ

ಡಾಕ್ಟರು ಮೊಬೈಲು ತೆಗೆದರೆ ನಮ್ಮ ಜನಕ್ಕೆ ಎದೆ ಧಸಕ್ಕೆನ್ನುತ್ತದೆ. ‘ಅಯ್ಯೋ, ಇವರಿಗೇ ಗೊತ್ತಿಲ್ಲ’ ಎಂದು ಎದ್ದೇ ಬಿಡುತ್ತಾರೆ. ಹೆಬ್ಬಳ್ಳಿಯ ಹತ್ತಿ ವ್ಯಾಪಾರಿ ಮಡಿವಾಳಪ್ಪನೂ ಹಾಗೇ ಎದ್ದ.

ಅವನ ಮಗಳು ರಜನಿ ಅಂದು ಬೆಳಿಗ್ಗೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಹೆಣ್ಣು ಕೂಸು. ದಿನ ತುಂಬುವ ಮೊದಲೇ ಬಂದದ್ದು, ತೂಕ ಎರಡು ಕಿಲೋಕ್ಕೆ ನೂರು ಗ್ರಾಂ ಕಡಿಮೆ. ದಿನವಿಡೀ ತಕ್ಕಡಿ ನೋಡುವ ಮಡಿವಾಳಪ್ಪ ಈ ತೂಕವನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಕೂಸು ಉಳಿದೀತೋ ಇಲ್ಲವೋ ಎಂಬುದೊಂದೇ ಅವನ ತಲೆಯಲ್ಲಿ.

ಡಾಕ್ಟರ್ ಚಿನ್ಮಯೀ ಕೂಸಿನ ಉಸಿರು, ಮೈಬಣ್ಣ, ಹಾಲು ಎಳೆಯುವ ರೀತಿ ಎಲ್ಲ ನೋಡಿದರು. ಆಮೇಲೆ ಮೊಬೈಲು ತೆಗೆದು ಎರಡು ನಿಮಿಷ ಓದಿದರು.

“ಕೂಸಿನ್ನ ಬರೇ ಮೈಲೆ ಅವ್ವನ ಎದಿ ಮ್ಯಾಲೆ ಹಾಕೋಣ್ರಿ. ಚರ್ಮಕ್ಕ ಚರ್ಮ ತಾಗಬೇಕು. ತಲಿಗೆ ಟೊಪಗಿ, ಮ್ಯಾಲೆ ಶಾಲು. ಎಷ್ಟು ಹೊತ್ತು ಆಗ್ತದೋ ಅಷ್ಟೂ ಹೊತ್ತು.”

“ಇಷ್ಟ ಏನ್ರಿ?” ಮಡಿವಾಳಪ್ಪನ ದನಿ ಏರಿತು. “ನಮ್ಮ ಕಾಕಾನ ಮೊಮ್ಮಗನ್ನ ಹುಬ್ಬಳ್ಳ್ಯಾಗ ಗಾಜಿನ ಪೆಟಿಗ್ಯಾಗ ಇಟ್ಟಿದ್ರು, ಬದುಕಿತು. ನೀವು ಮೊಬೈಲ್ ನೋಡಿ ಡಾಕ್ಟರಕಿ ಮಾಡಾಕತ್ತೀರಿ! ಏ ಸಂಗವ್ವಾ, ಏಳು, ಗಾಡಿ ಕರಸ್ತೇನಿ.”

“ಹಸಿಗೂಸಿನ್ನ ಈ ಥಂಡ್ಯಾಗ ಎತ್ಕೊಂಡು ಓಡಾಕ ಅದೇನು ಹತ್ತಿ ಗಂಟೇನ್ರಿ? ಮೊದಲ ಡಾಕ್ಟರ್ ಮಾತು ಪೂರಾ ಕೇಳ್ರಿ,” ಎಂದು ಹೆಂಡತಿ ಸಂಗವ್ವ ಗದರಿಸಿದಳು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. “ಕಾಕಾರ, ಕೂಸಿಗೆ ಉಸಿರಿನ ತ್ರಾಸಿದ್ರ ನಾನಽ ಹುಬ್ಬಳ್ಳಿಗೆ ಕಳಸ್ತಿದ್ದೆ. ಈಗ ಹಂಗೇನೂ ಇಲ್ಲ. ಒಂದು ಕೇಳ್ತೀನಿ. ಒಂದು ಅಂಡಗಿ ಚೀಲದ ಬಾಯಿಂದ ಒಂದು ಹಿಡಿ ಹತ್ತಿ ನೋಡಿ, ಇಡೀ ಲಾರಿಗೆ ದರ ಹೇಳ್ತೀರೇನು?”

“ನಂಗೇನ್ ಹುಚ್ಚ ಹಿಡದೈತೇನ್ರಿ? ಹತ್ತು ಅಂಡಗಿ ನಡುವಿಗೆ ಕೈ ಹಾಕಿ, ಎಳಿ ಎಳದು ನೋಡೇ ಆಮ್ಯಾಗ ಮಾತು.”

“ನಿಮ್ಮ ಕಾಕಾನ ಮೊಮ್ಮಗಂದು ಒಂದು ಹಿಡಿ. ಇಂಟರ್ನೆಟ್ಟಿನ್ಯಾಗ ಯಾರೋ ಒಬ್ಬರು ಹಾಕಿದ್ದೂ ಒಂದು ಹಿಡಿನಽ. ನಾ ನೋಡಿದ್ದು ಅದಲ್ಲ. ಎಷ್ಟೋ ದೇಶದಾಗ ಸಾವಿರಾರು ಸಣ್ಣ ಕೂಸುಗಳ ಮ್ಯಾಲೆ ಅಧ್ಯಯನ ಆಗ್ಯಾವ. ತಿಳದವರು ಕೂತು ಒಂದೊಂದನ್ನೂ ಪರೀಕ್ಷಾ ಮಾಡಿ, ಜೊಳ್ಳು ತೆಗದು, ಗಟ್ಟಿ ಉಳಿಸಿ ಸಾರಾಂಶ ಬರದಿಟ್ಟಾರ. ಎಲ್ಲಾ ನಾನಽ ಓದ್ಕೋತ ಕೂತ್ರ ಕೂಸು ಸಾಲಿಗೆ ಹೋಗೋ ವಯಸ್ಸಾಗ್ತದ!”

ಸಂಗವ್ವ ನಕ್ಕಳು. ಮಡಿವಾಳಪ್ಪ ನಗಲಿಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದವನು, ಅಷ್ಟು ಲಗೂ ಬಗ್ಗುತ್ತಾನೆಯೇ?

“ಜೊಳ್ಳು ತೆಗದಾಂವ ಯಾರ್ರಿ? ಅವಂಗ ಔಷಧ ಮಾರಾವ್ರು ರೊಕ್ಕಾ ಕೊಟ್ಟಿದ್ರ?”

“ಛಲೋ ಕೇಳಿದ್ರಿ ನೋಡ್ರಿ! ನಾನೂ ಮೊದಲ ನೋಡೋದು ಅದನ್ನಽ.” ಡಾಕ್ಟರು ಮೊಬೈಲನ್ನು ಅವನ ಕಡೆ ತಿರುಗಿಸಿದರು. “ಇಲ್ಲೆ ಬರದವರ ಹೆಸರು. ಇಲ್ಲೆ ರೊಕ್ಕಾ ಎಲ್ಲಿಂದ ಬಂತು. ಇದು ಕಡೀಕ ತಿದ್ದಿದ ಇಸವಿ. ಯಾವ ಮಾತು ಗಟ್ಟಿ, ಯಾವುದು ಇನ್ನೂ ಪಕ್ಕಾ ಆಗಿಲ್ಲ ಅಂತ ಅವರಽ ಬರದಾರ. ಎದಿಗೆ ಹಾಕ್ಕೊಂಡ್ರ ಇಂಥಾ ಕೂಸು ಹೆಚ್ಚು ಉಳೀತಾವ ಅನ್ನೋದು ಗಟ್ಟಿ ಮಾತು. ಆದ್ರ ಅದೊಂದಽ ಸಾಲಂಗಿಲ್ಲ. ನಿಮ್ಮ ಕೂಸು ಹೆಂಗದ, ರಜನಿ ಏನಂತಾಳ, ಅದನ್ನೂ ನೋಡಬೇಕು.”

ಮಾಲಿನ ಕುಂದನ್ನು ತಾನೇ ಬಾಯಿಬಿಟ್ಟು ಹೇಳುವವರನ್ನು ಮಡಿವಾಳಪ್ಪ ಮಾರ್ಕೆಟ್ಟಿನಲ್ಲಿ ಬಹಳ ಮಂದಿ ಕಂಡಿರಲಿಲ್ಲ. ಮೆತ್ತಗೆ ಕುಂತ.

“ಅಪ್ಪಾ, ನಾ ಇಲ್ಲೇ ಇರ್ತೇನಿ,” ಎಂದಳು ರಜನಿ.

ಮಧ್ಯಾಹ್ನದ ಹೊತ್ತಿಗೆ ಅವ್ವನ ಎದೆಯ ಮೇಲಿದ್ದ ಕೂಸಿನ ಅಂಗಾಲು ಬೆಚ್ಚಗಾದವು. ಸಂಗವ್ವ ಬಾಣಂತಿಗೆ ಊಟ ತರಲು ಮನೆಗೆ ಹೋದಳು. ರಸ್ತೆ ಹಾಕುವ ಕೆಲಸಕ್ಕೆ ಹೋಗಿದ್ದ ಅಳಿಯ ಗೋಕುಲ ಇನ್ನೂ ಬಂದಿರಲಿಲ್ಲ. ರಜನಿ ಸ್ವಲ್ಪ ಏಳಬೇಕಿತ್ತು.

“ನೀವು ಹಾಕ್ಕೋರಿ ಕಾಕಾರ. ಮನಿಯವರು ಯಾರು ಎದಿಗೆ ಹಾಕ್ಕೊಂಡ್ರೂ ನಡೀತದ,” ಎಂದರು ಡಾಕ್ಟರು.

ಮಡಿವಾಳಪ್ಪ ಕೈ ತೊಳೆದು, ಅಂಗಿ ಬಿಚ್ಚಿ ಕುರ್ಚಿಗೆ ಒರಗಿದ. ಕೂಸು ಅವನ ಎದೆಗೆ ಅಂಟಿ, ಒಂದು ಸಲ ಮುಲುಗಿ, ನಿದ್ದೆ ಹೋಯಿತು. ಊರಿಗೆಲ್ಲ ಜೋರು ಮಾಡುವ ಮನುಷ್ಯ ಕೆಮ್ಮು ಬಂದರೂ ತಡೆದುಕೊಂಡು ಕುಂತ. ಹನ್ನೆರಡನೆಯ ದಿನ ಕೂಸಿನ ತೂಕ ಎರಡು ಕಿಲೋ ದಾಟಿತು.

ಡಾಕ್ಟರುಗಳೇ, ನರ್ಸ್ ಅಕ್ಕಂದಿರೇ, ನೋಡಿ ಹೇಳುವುದಕ್ಕೆ ನಾಚಬೇಡಿರಿ. ಆದರೆ ಸಿಕ್ಕ ಸಿಕ್ಕಲ್ಲಿ ನೋಡಬೇಡಿರಿ. ತಿಳಿದವರು ಪರೀಕ್ಷಿಸಿ ಬರೆದಿಟ್ಟ ಸಾರಾಂಶವನ್ನೇ ಮೊದಲು ತೆರೆಯಿರಿ. ಬರೆದವರಾರು, ಹಣ ಯಾರದು, ಯಾವ ವರ್ಷದ್ದು ಎಂದು ನೋಡಿರಿ. ತಾಯಂದಿರೇ, ಅಜ್ಜಂದಿರೇ, ನೀವೂ ಧೈರ್ಯವಾಗಿ ‘ಇದಕ್ಕ ಆಧಾರ ಏನ್ರಿ?’ ಎಂದು ಕೇಳಿರಿ. ಬೇಸರಪಡದೆ ತೋರಿಸುವ ಡಾಕ್ಟರು ಸಿಕ್ಕರೆ, ಅವರನ್ನು ಬಿಟ್ಟು ಎದ್ದು ಹೋಗಬೇಡಿರಿ.