ನಿಲ್ಲದ ಮುಳ್ಳು

"ಸರ್, ಅದನ್ನ ಮುಟ್ಬೇಡಿ," ಎನ್ನುವಷ್ಟರಲ್ಲಿ ನಿರ್ದೇಶಕರು ಇಂಗಾಲದ ಡೈಆಕ್ಸೈಡಿನ ವಾಲ್ವ್ ತಿರುಗಿಸಿಯಾಗಿತ್ತು. ನೊರೆಯಣ್ಣ ಸಾಬೂನಿನ ಕುಂಚ ಹಿಡಿದುಕೊಂಡೇ ಓಡಿಬಂದ. ಕೊಳವೆಗಳಿಗೆ ನೊರೆ ಬಳಿದು ಅನಿಲ ಸೋರುತ್ತಿದೆಯೇ ಎಂದು ನೋಡುವುದು ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ. ಪ್ರಯೋಗಾಲಯದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು.

ಉಕ್ಕಿನ ಪಾತ್ರೆಯೊಳಗೆ ಕಲ್ಲಿದ್ದಲ ಪುಡಿ ಹತ್ತೊಂಬತ್ತು ದಿನಗಳಿಂದ ಮೀಥೇನ್ ಕುಡಿಯುತ್ತ ಕೂತಿತ್ತು. ಅದಕ್ಕೆ ಹೊಟ್ಟೆ ತುಂಬಿ, ಒತ್ತಡದ ಮುಳ್ಳು ಎರಡು ದಿನ ಅಲುಗಾಡದೆ ನಿಂತ ಮೇಲೇ ಇಂಗಾಲದ ಡೈಆಕ್ಸೈಡ್ ಬಿಡಬೇಕು. ಮುಳ್ಳು ಇನ್ನೂ ತೆವಳುತ್ತಿತ್ತು.

"ನೋಡಿ," ನಿರ್ದೇಶಕರು ಪ್ರಯೋಗ ನೋಡಲು ಬಂದಿದ್ದ ಅತಿಥಿಗಳತ್ತ ತಿರುಗಿದರು. "ಕಲ್ಲಿದ್ದಲಿಗೆ ಮೀಥೇನ್‌ಗಿಂತ ಈ ಅನಿಲ ಅಂದ್ರೆ ಪ್ರೀತಿ. ಬಾಡಿಗೆಗಿದ್ದೋನನ್ನ ಮಾಲೀಕರ ಅಳಿಯ ಬಂದು ಎಬ್ಬಿಸಿದ ಹಾಗೆ. ಇದು ಒಳಗೆ ಕೂರುತ್ತೆ, ಅದು ಗಂಟುಮೂಟೆ ಕಟ್ಟುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ಮಾತ್ರ ತಟ್ಟಲಿಲ್ಲ. ಅವರು ಮನೆ ಅಳಿಯನೇ ಇರಬೇಕು.

ಸಂಜೆ ಅಳೆದು ನೋಡಿದರೆ ಹೊರಬಂದ ಮೀಥೇನ್ ಅಂದುಕೊಂಡದ್ದರ ಎರಡು ಪಟ್ಟು. ಕಲ್ಲಿದ್ದಲು ಇನ್ನೂ ಹಿಡಿದುಕೊಳ್ಳದ, ಪಾತ್ರೆಯಲ್ಲಿ ಸುಮ್ಮನೆ ಅಲೆಯುತ್ತಿದ್ದ ಮೀಥೇನೂ ಜೊತೆಗೆ ಹೊರಬಿದ್ದಿತ್ತು. ನಿರ್ದೇಶಕರ ಮುಖ ಊರಗಲವಾಯಿತು.

"ಮುಳ್ಳು ನಿಂತಿತ್ತು ಅಂತ ಒಂದು ಸಾಲು ಬರೆದು ಸಹಿ ಹಾಕಿ, ನೊರೆಯಣ್ಣ."

"ನಿಂತಿರ್ಲಿಲ್ಲ ಸರ್."

"ಅಲ್ಲಾಡಿದ್ರೂ ಕೂದಲೆಳೆಯಷ್ಟು."

"ಆ ಕೂದಲೆಳೆ ನಂಬ್ಕೊಂಡು ನಾಳೆ ಮೀಥೇನ್ ತೆಗೆಯೋಕೆ ಗಣಿಗೆ ಈ ಅನಿಲ ಬಿಡ್ತಾರೆ. ಮೊದಲಿಂದ ಮಾಡೋಣ, ಮೂರು ವಾರ ಸಾಕು."

"ಹತ್ತು ದಿನಕ್ಕೆ ನೀವು ನಿವೃತ್ತಿ. ಮೂರು ವಾರ ಎಲ್ಲಿಂದ ತರ್ತೀರಿ?"

ನಿರ್ದೇಶಕರು ಮೇಜಿನ ಖಾನೆಯಿಂದ ಒಂದು ಪತ್ರ ತೆಗೆದರು. ಇನ್ನೆರಡು ವರ್ಷ ಸೇವೆ ಮುಂದುವರಿಸುವ ಆದೇಶ.

ನೊರೆಯಣ್ಣನಿಗೆ ಮನೆ ನೆನಪಾಯಿತು. ಹಿಂದಿನ ವಾರ ರಜೆ ಹಾಕಿ ಮನೆಯಲ್ಲಿದ್ದಾಗ ಒಲೆಯ ಪೈಪಿಗೆ ನೊರೆ ಹಚ್ಚಿದ್ದ, ಆಮೇಲೆ ನಲ್ಲಿಗೆ, ಮೂರನೆಯ ದಿನ ಅತ್ತೆಯ ಬಿಸಿನೀರಿನ ಚೀಲಕ್ಕೆ. ಅತ್ತೆ ಇನ್ನೂ ಮಾತಾಡಿಸಿರಲಿಲ್ಲ. ಹೆಂಡತಿ ಕೈಮುಗಿದಿದ್ದಳು: "ನಿಮ್ಮ ದಮ್ಮಯ್ಯ ಅಂತೀನಿ, ಹೇಗಾದ್ರೂ ಮಾಡಿ ಅಲ್ಲೇ ಇದ್ಬಿಡಿ."

"ಅದಕ್ಕೆ ನಿಮ್ಮ ಸಹಿ, ಇದಕ್ಕೆ ನನ್ನದು," ನಿರ್ದೇಶಕರು ದಾಖಲೆ ಪುಸ್ತಕವನ್ನೂ ಪತ್ರವನ್ನೂ ಅಕ್ಕಪಕ್ಕ ಇಟ್ಟು ಪೆನ್ನು ಚಾಚಿದರು. "ಒಟ್ಟಿಗೇ ಹಾಕ್ಬಿಡೋಣ."

ನೊರೆಯಣ್ಣ ಪತ್ರವನ್ನು ಎರಡು ಸಲ ಓದಿದ. ಇನ್ನೊಂದು ಸಲವೂ ಓದಿದ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

"ಹಾಕಲ್ಲ," ಎಂದ.