ಬಿಳಿ ಬೆಟ್ಟದ ಅಜ್ಜ ಎಳೆದ ಗೆರೆ

ಗಾಜಿನ ಮೇಲೆ ಇಂದಿರಮ್ಮನ ಅಂಗೈ, ಐದೂ ಬೆರಳು ಬಿಡಿಸಿ ಊರಿದ ಅಂಗೈ, ಈಗಷ್ಟೇ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯೆಲ್ಲ ಆ ಕೈಗೂ ಅಂಟಿದೆ, ಇನ್ನು ಕಿಟಕಿ ಒರೆಸುವ ಕೆಲಸವೂ ತನ್ನ ಪಾಲಿಗೇ ಅಂದುಕೊಳ್ಳುತ್ತಾ ಆರೈಕೆ ಕೆಲಸದ ಇನೇಜ್ ಹಿಂದಿನಿಂದ ಬಂದು ಅವರಿಗೆ ಸ್ವೆಟರ್ ತೊಡಿಸುತ್ತಾಳೆ, ಮೇಲಿನ ಗುಂಡಿ ಕೆಳಗಿನ ಕಾಜಕ್ಕೆ ಹೋಯಿತು, ಬಿಚ್ಚು, ಮತ್ತೆ ಹಾಕು, ಮೆಲ್ಬರ್ನಿನ ಜುಲೈ ಚಳಿಗೆ ಬೆರಳು ಮಾತು ಕೇಳುವುದಿಲ್ಲ, ಚಳಿಗೇ ಅಂತ ಇಟ್ಟುಕೊಳ್ಳುವ — ಹನ್ನೊಂದಕ್ಕೆ ಕಾರು ಬರುತ್ತದೆ. ಕಾರು ಬಂದರೆ ಏರ್‌ಪೋರ್ಟು, ಆಮೇಲೆ ಸಿಡ್ನಿ, ರೌಸ್ ಹಿಲ್, ಚಿಕ್ಕಮಗ ಗುರುದತ್ತನ ಮನೆ, ಆರು ತಿಂಗಳು. ಆಮೇಲಿನ ಆರು ತಿಂಗಳು ಇಲ್ಲಿ, ಪಾಯಿಂಟ್ ಕುಕ್‌ನ ಏಜ್ಡ್ ಕೇರ್ ಅನ್ನುವ ಈ ವೃದ್ಧಾಶ್ರಮದಲ್ಲಿ, ದೊಡ್ಡಮಗ ಬದರಿನಾಥನ ಪಾಲು. ಒಬ್ಬನ ಪಾಳಿಯಲ್ಲಿ ಇನ್ನೊಬ್ಬ ಕಾಲಿಡಬಾರದು. ಹಾಗಂತ ಅಣ್ಣತಮ್ಮಂದಿರ ಮಧ್ಯಸ್ಥಿಕೆಗೆ ಬಂದು ರಾಜಿ ಮಾಡಿಸಿದ ಹೆಂಗಸು ಕೆಟ್ಟವಳೇನಲ್ಲ ಮಾರಾಯ್ರೆ, ಇಬ್ಬರಿಗೂ ನೀರು ಕೊಟ್ಟು, ಇಬ್ಬರ ಕೂಗಾಟವನ್ನೂ ಕೇಳಿ, ಯಾರನ್ನೂ ಸೋಲಿಸದೆ ಕಳಿಸಿದಳು, ಎಂತ ಒಳ್ಳೆಯ ಮನಸ್ಸು ಅಂತ ಇಲ್ಲಿನ ನರ್ಸುಗಳೆಲ್ಲ ಹೊಗಳಿದ್ದೇ ಹೊಗಳಿದ್ದು — ಕೈ ಇಳಿಸಿದ್ನೇನೇ? ಅಯ್ಯೋ ದೇವರೇ, ಇಂದಿರಮ್ಮ ಕೇಳಿಯೇಬಿಟ್ಟರು, ಗಾಜಿನಿಂದ ಕಣ್ಣು ತೆಗೆಯದೆ ಕೇಳಿದರು, ನಿನ್ನೆ ಕಥೇಲಿ ಆ ಬೆಟ್ಟದ ಅಜ್ಜ ಎತ್ತಿದ ಕೈ ಇಳಿಸಿದ್ನೇನೇ? ತಡೀರಿ ಅಮ್ಮಾ, ಗುಂಡಿ ಹಾಕಿ ಹೇಳ್ತೇನೆ. ಗುಂಡಿ ಇರುವುದು ಐದೇ, ಎಷ್ಟು ಹೊತ್ತು ಹಾಕಬಹುದು.

ತಪ್ಪು ತನ್ನದೇ, ಯಾರನ್ನು ದೂರುವುದು. ಇಂದಿರಮ್ಮನಿಗೆ ಮೊದಲು ಇಂಗ್ಲಿಷ್ ಮರೆತುಹೋಯಿತು, ಆಮೇಲೆ ವಾರಗಳು, ಉಳಿದದ್ದು ಮೈಸೂರಿನ ಕನ್ನಡ ಒಂದೇ, ಈ ಇಡೀ ಕಟ್ಟಡದಲ್ಲಿ ಅದಕ್ಕೆ ಉತ್ತರ ಕೊಡುವ ಬಾಯಿ ಇನೇಜಳದು ಮಾತ್ರ, ಅದೂ ಮನೆಯಲ್ಲಿ ಕೊಂಕಣಿ ಆಡಿ ಮಂಗಳೂರಿನ ಶಾಲೆಯಲ್ಲಿ ಕಲಿತ ಕನ್ನಡ, ನಿಂದು ಪೇಪರ್ ಓದಿದ ಹಾಗಿರುತ್ತೆ ಕಣೇ ಅಂತ ಅವರು ನಗುತ್ತಿದ್ದರು. ಬೆಳಿಗ್ಗೆ ತಲೆ ಬಾಚುವಾಗ ಏನಾದರೂ ಹೇಳು ಅನ್ನುವರು. ಏನು ಹೇಳುವುದು, ಪುರಾಣ ಅವರಿಗೇ ಹೆಚ್ಚು ಗೊತ್ತು, ಸಂತರ ಕಥೆ ಅವರಿಗೆ ಬೇಡ, ಆಗ ಫೋನಿನಲ್ಲಿ ಅವಳು ಓದುತ್ತಿದ್ದ ಚೀನೀ ಧಾರಾವಾಹಿ ಇತ್ತಲ್ಲ, ದಿನಕ್ಕೊಂದು ಅಧ್ಯಾಯ, ಜನ ಗುಹೆಯಲ್ಲಿ ಕೂತು ನೂರಾರು ವರ್ಷ ಉಸಿರು ಹಿಡಿದು ಶಕ್ತಿ ಗಳಿಸಿ ಕತ್ತಿಯ ಮೇಲೆ ನಿಂತು ಹಾರುವಂಥದ್ದು, ಅದನ್ನೇ ಹೇಳಿದಳು. ತಪಸ್ಸು ಅನ್ನು, ಅಷ್ಟೇ ತಾನೇ ಅಂದರು ಇಂದಿರಮ್ಮ. ತೋಳದ ಬಣ, ಜಿಂಕೆಯ ಬಣ, ನಡುವೆ ಒಂದು ನೀರಿನ ಬುಗ್ಗೆ, ಅದಕ್ಕಾಗಿ ತಲೆತಲಾಂತರದ ಯುದ್ಧ. ನಾಯಕರ ಚೀನೀ ಹೆಸರು ಅವರ ಬಾಯಲ್ಲಿ ನಿಲ್ಲಲಿಲ್ಲ, ತನ್ನ ಚರ್ಚಿನ ಕಡೆಯ ಲ್ಯಾನ್ಸ್‌ಲೊಟ್, ಗ್ಲಾಡ್ವಿನ್ ಅಂತ ಇಟ್ಟರೆ ಅವರಿಗೆ ಅದೂ ಚೀನೀಯೇ, ಅವಳು ಸುಮ್ಮನೆ ತಲೆಯೆತ್ತಿದಳು, ಕಪಾಟಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ತುರ್ತಿಗೆ ಕರೆಯಬೇಕಾದವರ ಎರಡು ಹೆಸರಿತ್ತು, ತೋಳದವನು ಬದರಿ, ಜಿಂಕೆಯವನು ಗುರು ಅಂದುಬಿಟ್ಟಳು. ಬಾಯಿಗೆ ಬಂತು, ಹೇಳಿದಳು, ಅಷ್ಟೇ. ಆ ಇಬ್ಬರು ಮಾತು ಬಿಟ್ಟು ಮೂರು ವರ್ಷವಾಗಿದೆ ಅಂತ ಅವಳಿಗೆ ಯಾರು ಹೇಳಿದ್ದರು. ಅಪ್ಪ ಶ್ರೀಕಂಠಯ್ಯನವರ ಅಸ್ಥಿಯನ್ನು ತಮ್ಮನ ವಿಮಾನ ಇಳಿಯುವ ಮುಂಚೆಯೇ ಅಣ್ಣ ಇಲ್ಲೇ ವೆರಿಬೀ ನದಿಗೆ ಬಿಟ್ಟನಂತೆ, ಕಾವೇರಿಗೆ ಒಯ್ಯುತ್ತೇನೆ ಅಂತ ತಾಮ್ರದ ಚೊಂಬು ಹಿಡಿದು ಬಂದಿದ್ದ ತಮ್ಮ ಖಾಲಿ ಚೊಂಬು ತಗೊಂಡು ವಾಪಸು ಹೋದನಂತೆ. ನನ್ನ ಮಕ್ಕಳು ಇನ್ನೂ ನೀರಿಗೇ ಕಿತ್ತಾಡ್ತಿದಾರೇನೇ ಅಂತ ಇಂದಿರಮ್ಮ ಕೇಳಿದ ದಿನ ಬಾಚಣಿಗೆ ಕೈಯಿಂದ ಬಿದ್ದಿತ್ತು. ಅಷ್ಟು ಹೊತ್ತಿಗೆ ಕಥೆ ತೊಂಬತ್ತನೇ ಅಧ್ಯಾಯ ದಾಟಿತ್ತು, ಇಬ್ಬರೂ ಬದುಕಿದಾರೆ ಅಂತ ಹೇಳದೆ ಅವರು ಗಂಜಿ ಮುಟ್ಟುತ್ತಿರಲಿಲ್ಲ.

ನಿನ್ನೆಯದು ಹಾಗೆ ನಿಂತಿತ್ತು, ಈ ಬರೆಯುವವರು ಯಾವಾಗಲೂ ಹಾಗೇ ನಿಲ್ಲಿಸುವುದು: ಬಿಳಿ ಬೆಟ್ಟದ ಅಜ್ಜ ಇಳಿದು ಬಂದ, ಸಾವಿರ ವರ್ಷದ ತಪಸ್ಸು, ಊದಿದರೆ ಎರಡು ಸೈನ್ಯವೂ ಬೂದಿ, ಬಂದವನು ಕೈ ಎತ್ತಿದ — ಮುಗಿಯಿತು. ಇಂದಿನದನ್ನು ಬೆಳಿಗ್ಗೆ ಕಾರಿನಲ್ಲೇ ಕೂತು ಓದಿದಳು, ಹೀಟರ್ ಆರಿಸದೆ. ಕೊಲ್ಲಲಿಲ್ಲ. ಅಂಗೈಯ ಅಂಚಿನಿಂದ ನೆಲದ ಮೇಲೆ ಒಂದು ಗೆರೆ ಎಳೆದ, ನೆಲ ಸೀಳಿ ತಳ ಕಾಣದ ಕಮರಿ ಆಯಿತು, ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ, ಬುಗ್ಗೆಯೂ ಎರಡಾಗಿ ಹರಿಯಿತು, ಯಾರೂ ಸಾಯಲಿಲ್ಲ. ಎಂಥ ಕರುಣೆ ಅಂತ ಕೆಳಗೆ ಓದುಗರು ಬರೆದದ್ದೇ ಬರೆದದ್ದು. ಇವಳು ಬದಲಿಸಿ ಹೇಳಬಹುದು, ಹಿಂದೊಮ್ಮೆ ಅವರಿಗಾಗಿ ಕಥೆಯಲ್ಲಿ ಸತ್ತ ಕುದುರೆಯನ್ನೇ ಎಬ್ಬಿಸಿ ಓಡಿಸಿದವಳು, ಇಬ್ಬರೂ ತಬ್ಬಿಕೊಂಡರು ಅಮ್ಮಾ ಅನ್ನಲು ಎಷ್ಟು ಹೊತ್ತು, ನಾಲಿಗೆಯ ತುದಿಯಲ್ಲೇ ಇದೆ — ಆದರೆ ತಬ್ಬಿಕೊಂಡವರಾದರೆ ಬದರಿ ಯಾಕೆ ಬರಲಿಲ್ಲ ಅಂತ ರೌಸ್ ಹಿಲ್‌ನಲ್ಲಿ ಆರು ತಿಂಗಳು ಬಾಗಿಲು ನೋಡುತ್ತಾ ಕೂರುತ್ತಾರೆ, ಮಗ ಸೊಸೆ ಕೆಲಸಕ್ಕೆ ಹೋದ ಮನೆಯಲ್ಲಿ, ಉತ್ತರ ಕೊಡಲು ಇನೇಜ್ ಇರುವುದಿಲ್ಲ. ಯಾವುದು ಕರುಣೆ, ಯೇಸುವೇ, ಯಾವುದು? ಐದನೇ ಗುಂಡಿ ಹಾಕಿದ್ದಾಯಿತು.

ಇಬ್ರೂ ಬದುಕಿದಾರೆ ಅಮ್ಮಾ. ಅಜ್ಜ ಯಾರನ್ನೂ ಕೊಲ್ಲಲಿಲ್ಲ, ಮಧ್ಯೆ ಒಂದು ಗೆರೆ ಎಳೆದ, ಇನ್ನು ಜಗಳ ಇಲ್ಲ. ಇಂದಿರಮ್ಮ ಗಾಜಿನಿಂದ ಅಂಗೈ ತೆಗೆದರು. ಆಮೇಲೆ, ಅಡುಗೆಗೆ ಉಪ್ಪು ಹಾಕಿದ್ಯಾ ಅಂತ ಕೇಳುವ ಹಾಗೆ ಕೇಳಿದರು: ಅವರಮ್ಮ ಯಾವ ಕಡೆ ಇದ್ಲೇ?

ಇಲ್ಲ. ಇಷ್ಟು ಅಧ್ಯಾಯದಲ್ಲಿ ಅಮ್ಮ ಅಂತ ಒಬ್ಬಳು ಇರಲೇ ಇಲ್ಲ, ಇವಳೂ ಇಡಲಿಲ್ಲ, ಎರಡು ಹೆಸರು ಕೊಟ್ಟವಳಿಗೆ ಮೂರನೆಯದು ಹೊಳೆಯಲೇ ಇಲ್ಲ — ಅಷ್ಟರಲ್ಲಿ ಕಾರು, ಗುರುದತ್ತ, ಒಳ್ಳೆಯ ಮನುಷ್ಯ, ಥ್ಯಾಂಕ್ಸ್ ಆಂಟಿ ಅಂದ, ಅಮ್ಮನ ಚಪ್ಪಲಿ ತೆಗೆದು ತಾನೇ ಶೂ ತೊಡಿಸಿದ, ಬದರಿ ಆ ಕಡೇನಾ ಅಂತ ಇಂದಿರಮ್ಮ ಕೇಳಿದ್ದಕ್ಕೆ ಟೈಮಾಯ್ತು ಅಮ್ಮ ಅಂದ, ಹೋದರು, ಗೇಟು ದಾಟಿತು, ಮಂಚದ ಮೇಲೆ ಬಾಚಣಿಗೆ ಮರೆತುಹೋಗಿದೆ, ಓಡಿದರೂ ಸಿಗುವುದಿಲ್ಲ, ಕೋಣೆ ಖಾಲಿ ಮಾಡಬೇಕು, ಮಧ್ಯಾಹ್ನಕ್ಕೆ ಇನ್ನೊಬ್ಬರು ಬರುತ್ತಾರೆ, ಸ್ಪ್ರೇ ಬಾಟಲಿ ಎಡಗೈಯಲ್ಲಿ, ಬಟ್ಟೆ ಬಲಗೈಯಲ್ಲಿ, ಒರೆಸು ಇನೇಜ್, ಒರೆಸು, ಬಟ್ಟೆ ಹಿಡಿದ ಕೈ ಮೇಲೆದ್ದಿದೆ, ಎದ್ದದ್ದು ಎದ್ದ ಹಾಗೇ ಇದೆ — ಗಾಜಿನ ಮೇಲೆ ಎಣ್ಣೆಯ ಅಂಗೈ, ಐದು ಬೆರಳು, ನಡುವೆ ಅಡ್ಡಕ್ಕೆ ಎಣ್ಣೆ ಹತ್ತದ ಒಂದು ಗೆರೆ