ಇನ್ನೊಂದು ಸಲ, ಮುನಿಯ

ಪ್ರಸಾದ್ ತಗಡಿನ ಡಬ್ಬವನ್ನು ಗುಂಡಿಗೆ ಇಳಿಸಲು ಬಗ್ಗಿದ್ದ. ಪಣಕಹಳ್ಳಿಯ ಅವರದೇ ಹೊಲದ ಆ ಗುಂಡಿಯೊಳಗೆ ಅವನ ಅಪ್ಪ ರಾಜಶೇಖರಪ್ಪನವರು ಹಣೆ ತುಂಬ ವಿಭೂತಿ ಧರಿಸಿ ಪದ್ಮಾಸನದಲ್ಲಿ ಕೂತಿದ್ದರು. ಬದುಕಿದ್ದಾಗ ಒಂದು ಗಳಿಗೆ ಹಾಗೆ ಕೂತವರಲ್ಲ. ಸದಾ ಕ್ಯಾಮೆರಾ ಹೊತ್ತು ಕಾಡು ಸುತ್ತಿ, ಆನೆಗಳ ಚಿತ್ರ ತೆಗೆದು ಹೆಸರಾದವರು; ಇವತ್ತು ಟಿವಿಯವರೂ ಬಂದಿದ್ದರು.

"ಅದ ಆಕ್ಬ್ಯಾಡಿ ಬುದ್ಧಿ," ಎನ್ನುತ್ತ ಸಿದ್ದಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಜೀರಹಳ್ಳಿ ಕಾಡಿನ ಸೋಲಿಗರ ಮುದುಕಿ, ಬೆಳಗಿನ ಬಸ್ಸಿಗೆ ಬಂದಿದ್ದಳು. "ಅದ್ರೊಳಗೆ ನನ್ ಗಂಡ ಅವ್ನೆ."

"ಈ ಸಿನ್ಮಾ ರೀಲ ನನ್ ಜೊತೇಲೇ ಊಳಿ ಅಂತ ಅಪ್ಪಾಜಿನೇ ಏಳಿದ್ರು ಕಣಮ್ಮ," ಎಂದ ಪ್ರಸಾದ್.

"ನಿನ್ ಗಂಡ ಕುಡುದು ಆನೆ ಮುಂದಕ್ಕೋಗಿ ಸತ್ತ," ಎಂದು ಪಕ್ಕದ ಹೊಲದ ಮಾದಪ್ಪ ಬಾಯಿ ಹಾಕಿದ. "ಈಗ್ಯಾಕೆ ಅದೆಲ್ಲಾ?"

ಐವತ್ತು ವರ್ಷದಿಂದ ಊರು ಹೇಳುತ್ತಿದ್ದದ್ದೂ ಅದೇ. ಊರಿಗೆ ಆನೆಗಿಂತ ಹೆಂಡದ ಮೇಲೆ ನಂಬಿಕೆ ಹೆಚ್ಚು. ಸಿದ್ದಿಯ ಮಗಳನ್ನು ನೋಡಲು ಬಂದ ಗಂಡಿನವರೂ "ಕುಡುಕನ ಮಗಳಲ್ಲವಾ?" ಎಂದೇ ಕೇಳಿದ್ದರು. ಗಂಡ ಸತ್ತ ದಿನ ಕ್ಯಾಮೆರಾ ಓಡುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಆ ರೀಲಿನ ಮೇಲೆ ಇವತ್ತು ಮಣ್ಣು ಬಿದ್ದರೆ ಆ ಮಾತೇ ಕಾಯಂ ಎಂದು ದಿಗಿಲು.

ರಾಜಶೇಖರಪ್ಪನವರ ಹೆಂಡತಿ ಶಾಂತಮಲ್ಲಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು.

*

ಆಗ ರಾಜಶೇಖರಪ್ಪನವರಿಗೆ ಮೂವತ್ತಮೂರು. ಎರಡು ಜೊತೆ ಎತ್ತು ಮಾರಿ ಕೀಲಿ ಕೊಡುವ ಕ್ಯಾಮೆರಾ ತಂದಿದ್ದರು. ಒಮ್ಮೆ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುತ್ತಿತ್ತು, ಅಷ್ಟೇ. ಬಿದಿರು ಮೆಳೆಯ ಪಕ್ಕ ಸಲಗವೊಂದು ಬೆನ್ನು ಮಾಡಿ ನಿಂತಿತ್ತು. ದಾರಿ ತೋರಿಸಲು ಬಂದಿದ್ದ ಸಿದ್ದಿಯ ಗಂಡ ಮುನಿಯ, ಸಲಗದ ಹತ್ತಿರ ಹೋಗಿ, ಅದು ಇತ್ತ ತಿರುಗಲೆಂದು ಒಣಬಿದಿರು ಮುರಿದ. ಸಲಗ ಕಿವಿ ಅಗಲಿಸಿ ತಿರುಗುವಷ್ಟರಲ್ಲಿ ಕೀಲಿ ಮುಗಿಯಿತು. ಮುನಿಯ ಓಡಿ ಬಂದು ಏದುಸಿರು ಬಿಡುತ್ತ ನಕ್ಕ.

"ಇನ್ನೊಂದು ಸಲ, ಮುನಿಯ," ಎಂದರು ರಾಜಶೇಖರಪ್ಪ, ಮತ್ತೆ ಕೀಲಿ ಕೊಡುತ್ತ.

"ಬ್ಯಾಡ ಬುದ್ಧಿ, ಅದ್ಕೆ ಕ್ವಾಪ ಬಂದದೆ."

"ಒಂದೇ ಸಲ ಕಣ್ಲಾ, ಓಗು."

ಮುನಿಯ ಹೋದ. ಆ ರೀಲನ್ನು ಸ್ಟುಡಿಯೋದಲ್ಲಿ ತೊಳೆಸಿ ತಂದರೇ ಹೊರತು ರಾಜಶೇಖರಪ್ಪ ಯಾರಿಗೂ ತೋರಿಸಲಿಲ್ಲ.

*

"ಮುನಿಯ ಕುಡುದಿರ್ನಿಲ್ಲ," ಎಂದರು ಶಾಂತಮಲ್ಲಮ್ಮ.

"ಅವ್ವಾ, ಟಿವಿಯೋರು ಅವ್ರೆ," ಎಂದು ಪ್ರಸಾದ್ ಪಿಸುಗುಟ್ಟಿದ.

"ಇರ್ಲಿ, ಕೇಳುಸ್ಕಳ್ಲಿ. ಬ್ಯಾಡ ಅಂದೋನ್ನ ನಿಮ್ಮಪ್ಪಾಜಿನೇ ಕಳ್ಸುದ್ರು. ಅವತ್ತೇ ನನ್ತಾವ ಏಳ್ಕಂಡು ಅತ್ರು. ಮಾನ ಓಯ್ತದೆ ಅಂತ ಎದ್ರಿ ನಾನೂ ಬಾಯಿ ಬುಡ್ನಿಲ್ಲ."

ಮಾದಪ್ಪ ನೆಲ ನೋಡಿದ. ಶಾಂತಮಲ್ಲಮ್ಮನಿಗೆ ಗಂಡನ ಮೇಲೆ ಸಿಟ್ಟು ಬಂತು. ಹೂತುಹಾಕುವ ಹೊತ್ತಿಗೆ ಬಂತಲ್ಲ ಎಂದು ತನ್ನ ಮೇಲೂ ಬಂತು. ಮಗನ ಕೈಯಿಂದ ಡಬ್ಬ ತೆಗೆದುಕೊಂಡು ಸಿದ್ದಿಗೆ ಕೊಟ್ಟರು.

ಸಿದ್ದಿ ರೀಲಿನ ತುದಿ ಎಳೆದು ಬಿಸಿಲಿಗೆ ಹಿಡಿದಳು. ಉಗುರಿನಷ್ಟು ಚೌಕಗಳಲ್ಲಿ ಒಬ್ಬ ಹುಡುಗ ಬಗ್ಗಿ ನಡೆಯುತ್ತಿದ್ದ. ಮುನಿಯ, ಈಗಿನ ಅವಳ ಮೊಮ್ಮಗನ ಪ್ರಾಯದವನು. ಎಳೆಯುತ್ತ ಹೋದಳು. ಒಂದು ಚೌಕದಲ್ಲಿ ಅವನು ಹಿಂದಕ್ಕೆ ತಿರುಗಿ, ಬೇಡವೆಂದು ಕೈಯೆತ್ತಿದ್ದ.

"ಸಾಕು ಬುಡು," ಎಂದಳು ಸಿದ್ದಿ ಚೌಕದೊಳಗಿನ ಮುನಿಯನಿಗೆ. ಆ ಚೌಕದ ಮೇಲೆ ಹೆಬ್ಬೆರಳು ಒತ್ತಿ, ಸಲಗ ನುಗ್ಗುವ ಮಿಕ್ಕ ರೀಲು ಒಂದಿಷ್ಟೂ ಬಿಚ್ಚಿಕೊಳ್ಳದಂತೆ ಎದೆಗೆ ಅವುಚಿ ಹಿಡಿದಳು.